ಬಾಣವಿಲ್ಲದ ನಾಲ್ಕು ಚೌಕಗಳು

ಚಿತ್ರಕಲಾ ಕಾಲೇಜಿನ ಮೂರನೇ ವರ್ಷದಲ್ಲಿ ನಮಗೆ ಕೊಟ್ಟ ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಕಾಲೇಜಿನ ಹೊರಗಿನ ಒಬ್ಬರನ್ನು ಆರಿಸಿಕೊಳ್ಳಬೇಕು. ಅವರ ದಿನದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಸಾಲು ಚಿತ್ರಗಳಲ್ಲೇ ಹೇಳುವ ಒಂದು ಕಥೆ ಮಾಡಿಕೊಡಬೇಕು. ಅವರು ಅದನ್ನು ಎರಡು ವಾರ ಬಳಸಬೇಕು. ಆಮೇಲೆ ಜ್ಯೂರಿ. ಅಂದರೆ ನಮ್ಮ ಮೇಷ್ಟ್ರು ಮತ್ತು ಹೊರಗಿನಿಂದ ಬಂದ ಇಬ್ಬರು ಕಲಾವಿದರು ಸಾಲಾಗಿ ಕೂತು, ನಾವು ಗೋಡೆಗೆ ಅಂಟಿಸಿದ್ದನ್ನು ನೋಡಿ, ನಮ್ಮನ್ನು ಪಾಸು ಮಾಡುವುದೋ ಬೇಡವೋ ಎಂದು ತೀರ್ಮಾನಿಸುವ ದಿನ. ಚಿತ್ರದಲ್ಲಿ ಅಕ್ಷರ ಇರಬಾರದು, ಅಂಕಿ ಇರಬಾರದು, ಬಾಣದ ಗುರುತೂ ಇರಬಾರದು.

"ಬಾಣ ಹಾಕಿದ್ರಿ ಅಂದ್ರೆ ನಿಮ್ಮ ಕಥೆ ಸೋತಿದೆ ಅಂತ ಅರ್ಥ," ಎಂದಿದ್ದರು ಮೇಷ್ಟ್ರು. "ಕಣ್ಣು ತಾನಾಗೇ ಎಡದಿಂದ ಬಲಕ್ಕೆ ಹೋಗುತ್ತೆ ಕಣ್ರೀ. ಅದನ್ನ ನಂಬಿ."

ನಾನು ನಂಬಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಹಿಂದಿನ ಜ್ಯೂರಿಯಲ್ಲಿ ನಾನು ಹೇಗೋ ದಡ ಮುಟ್ಟಿದ್ದೆ. "ಚೆನ್ನಾಗಿ ಬಿಡಿಸ್ತೀಯಮ್ಮ, ಆದ್ರೆ ನಿನ್ನ ಚಿತ್ರ ಏನೂ ಹೇಳಲ್ಲ" ಎಂದು ಎಲ್ಲರೆದುರಿಗೆ ಅನ್ನಿಸಿಕೊಂಡಿದ್ದೆ. ಆವತ್ತಿನಿಂದ ಆ ಮಾತು ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಈ ಸಲವೂ ಅದನ್ನೇ ಕೇಳಿಸಿಕೊಂಡರೆ ಯಲಹಂಕದ ಕಾಲೇಜಿನಿಂದ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗಲಿ? ನನ್ನದು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಭಯವಾದಾಗ ಅದು ಇನ್ನೂ ಜಾಸ್ತಿ. ಆ ತಿಂಗಳು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ನಾನು ಆರಿಸಿಕೊಂಡದ್ದು ದಾದಿಯನ್ನು, ಅಬ್ಬಾನ ತಾಯಿಯನ್ನು. ಆರ್.ಟಿ. ನಗರದಲ್ಲಿ ನಮ್ಮದು ಚಿಕ್ಕ ಮಹಡಿ ಮನೆ. ನಾವು ಮೇಲೆ, ದಾದಿ ಕೆಳಗೆ. ಕೆಳಗಿನ ಆ ಒಂದು ಕೋಣೆಗೆ ಸೇರಿಕೊಂಡು ಪುಟ್ಟ ಅಡುಗೆಮನೆ, ಅದರಲ್ಲಿ ಅವಳದೇ ಗ್ಯಾಸ್ ಒಲೆ. ಮಗ ಎಷ್ಟು ಹೇಳಿದರೂ ಮಧ್ಯಾಹ್ನದ ಅಡುಗೆಯನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. "ನನ್ನ ಒಲೆ ಆರಿದ ದಿನ ನನ್ನನ್ನ ಮಣ್ಣು ಮಾಡಿ" ಎನ್ನುತ್ತಿದ್ದಳು. ನಮ್ಮ ಮನೆಯ ಮಾತು ದಖ್ನಿ. ನಾನು ಓದಿದ್ದು ಕನ್ನಡ ಶಾಲೆಯಲ್ಲಾದ್ದರಿಂದ ನೆನಪುಗಳೆಲ್ಲ ಕನ್ನಡದಲ್ಲೇ ಬರುತ್ತವೆ, ಅವಳ ಮಾತನ್ನೂ ಹಾಗೇ ಬರೆಯುತ್ತಿದ್ದೇನೆ. ಅವಳಿಗೆ ಗೊತ್ತಿದ್ದದ್ದು ಉರ್ದು ಓದು ಮಾತ್ರ.

ಆ ವರ್ಷ ಅವಳಿಗೆ ಶುಗರ್ ಶುರುವಾಗಿತ್ತು. ಬೆಳಿಗ್ಗೆ, ರಾತ್ರಿ ಅಮ್ಮಿಯೇ ಮಾತ್ರೆ ಕೊಡುತ್ತಿದ್ದಳು. ಮಧ್ಯಾಹ್ನ ಅಮ್ಮಿ ಪಾಠ ಮಾಡುವ ಶಾಲೆಯಲ್ಲಿ, ಅಬ್ಬಾ ಯಶವಂತಪುರದ ಮೋಟಾರ್ ರಿಪೇರಿ ಅಂಗಡಿಯಲ್ಲಿ, ನಾನು ಕಾಲೇಜಿನಲ್ಲಿ. ಆ ಹೊತ್ತಿಗೆಂದು ಹೊಸದಾಗಿ ಬರೆದುಕೊಟ್ಟಿದ್ದ ಗುಲಾಬಿ ಬಣ್ಣದ ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಶುಗರ್ ಒಮ್ಮೆಲೇ ಇಳಿದು ಅಪಾಯವಾಗುತ್ತದೆ ಎಂದು ಡಾಕ್ಟರು ಅಮ್ಮಿಗೆ ಒತ್ತಿ ಹೇಳಿದ್ದರು. ಇದಕ್ಕಿಂತ ಒಳ್ಳೆಯ ವಿಷಯ ನನಗೆ ಎಲ್ಲಿ ಸಿಗುತ್ತದೆ?

ಒಂದೇ ಸಾಲಿನಲ್ಲಿ ನಾಲ್ಕು ಚೌಕ ಬಿಡಿಸಿದೆ. ಎಡಗಡೆ ಮೊದಲನೆಯದರಲ್ಲಿ ಅನ್ನ, ಸಾರು ತುಂಬಿದ ತಟ್ಟೆ. ಎರಡನೆಯದರಲ್ಲಿ ಅದೇ ತಟ್ಟೆ, ಖಾಲಿ. ಮೂರನೆಯದರಲ್ಲಿ ದಾದಿಯ ಅಂಗೈ, ಅದರ ಮೇಲೆ ಗುಲಾಬಿ ಮಾತ್ರೆ. ನಾಲ್ಕನೆಯದರಲ್ಲಿ ಚಾಪೆ, ದಿಂಬು. ಉಣ್ಣು, ತಟ್ಟೆ ಖಾಲಿ ಮಾಡು, ಮಾತ್ರೆ ನುಂಗು, ಮಲಗು. ಅಂಗೈಯ ಗೆರೆಗಳಿಗೇ ಎರಡು ದಿನ ಹಿಡಿಯಿತು. ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಕಾಲ ಸರಿಯಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಿಂದ ತಟ್ಟೆಗೂ ಮಾತ್ರೆಗೂ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಟ್ಟೆ. ನನ್ನ ಕೆಲಸ ನೋಡಿ ನನಗೇ ಕಣ್ಣು ತುಂಬಿ ಬಂದಿತ್ತು ಎಂದರೆ ನೀವು ನಗಬಹುದು.

ಒಲೆಯ ಪಕ್ಕದ ಗೋಡೆಗೆ ಅಂಟಿಸಿ, "ಅರ್ಥ ಆಯ್ತಾ ದಾದಿ?" ಎಂದೆ. ಅವಳು ಕನ್ನಡಕ ಏರಿಸಿ ನೋಡಿದಳು. ತಲೆಯಾಡಿಸಿದಳು. "ನನ್ನ ಕೈ ಎಷ್ಟು ಚೆನ್ನಾಗಿ ಬರೆದಿದ್ದೀಯ ಬೇಟಾ" ಎಂದಳು. ಸಂಜೆಯೇ ಜ್ಯೂರಿಗೆ ಕೊಡಬೇಕಿದ್ದ ವರದಿಯಲ್ಲಿ ಬರೆದೆ: ಬಳಸುವವರಿಗೆ ಮೊದಲ ನೋಟಕ್ಕೇ ಪೂರ್ತಿ ಅರ್ಥವಾಯಿತು.

ಐದಾರು ದಿನ ಕಳೆದಿರಬೇಕು. ಒಂದು ಸಂಜೆ ದಾದಿ, "ಊಟಕ್ಕೆ ಮುಂಚೆ ಸ್ವಲ್ಪ ಸೊಂಟ ಚಾಚೋದು ಒಳ್ಳೇದೇ ಕಣೇ, ಆಯಾಸ ಕಮ್ಮಿ" ಎಂದಳು. ಇನ್ನೊಂದು ದಿನ ಕೈ ಸ್ವಲ್ಪ ನಡುಗುತ್ತದೆ ಎಂದಳು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. "ಹ್ಞೂಂ ದಾದಿ" ಎಂದೆ, ಅಷ್ಟೆ.

ಜ್ಯೂರಿ ಸೋಮವಾರವಿತ್ತು. ಅದರ ಹಿಂದಿನ ಗುರುವಾರ, ದಾದಿ ಚಿತ್ರ ನೋಡಿಕೊಂಡು ಉಣ್ಣುವುದನ್ನು ಫೋಟೋ ತೆಗೆಯಬೇಕಿತ್ತು. "ಒಂದು ಗಂಟೆಗೆ ಬರ್ತೀನಿ, ಜೊತೆಗೇ ಉಣ್ಣೋಣ" ಎಂದು ಬೆಳಿಗ್ಗೆ ಹೇಳಿ ಹೋದೆ. ಪ್ರಿಂಟ್ ಅಂಗಡಿಯಲ್ಲಿ ಬಣ್ಣ ಸರಿ ಬರಲಿಲ್ಲ. ಎರಡು ಸಲ ವಾಪಸ್ ಕೊಟ್ಟೆ, ಹುಡುಗನ ಜೊತೆ ಜಗಳವಾಡಿದೆ. ಬಸ್ಸು ಹತ್ತುವಾಗಲೇ ಎರಡೂವರೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತದ್ದು ನಿಂತೇ ಇತ್ತು. ಆಗ ಪಕ್ಕದ ಮನೆ ಆಂಟಿಯ ಫೋನು ಬಂತು.

"ಎಲ್ಲಿದೀಯಮ್ಮಾ? ನಿಮ್ಮಜ್ಜಿ ಏನೇನೋ ಮಾತಾಡ್ತಿದಾರೆ, ಮೈಯೆಲ್ಲ ಬೆವರು. ಸಕ್ಕರೆ ನೀರು ಕುಡಿಸ್ತಾ ಇದೀನಿ. ನಿಮ್ಮಪ್ಪಂಗೂ ಫೋನ್ ಮಾಡಿದೀನಿ, ಬೇಗ ಬಾ."

ಇಳಿದು ಓಡೋಣವೆಂದರೆ ಕಂಡಕ್ಟರು ಮೇಲ್ಸೇತುವೆಯ ಮೇಲೆ ಬಾಗಿಲು ತೆಗೆಸಲಿಲ್ಲ. ಆ ಇಪ್ಪತ್ತು ನಿಮಿಷ ಕಿಟಕಿಯ ಸರಳು ಹಿಡಿದುಕೊಂಡು ನಿಂತೇ ಇದ್ದೆ. ನಿಂತರೆ ಬಸ್ಸು ಬೇಗ ಹೋಗುತ್ತದೆ ಎಂದುಕೊಂಡೆನೋ ಏನೋ.

ಮನೆ ಸೇರುವಷ್ಟರಲ್ಲಿ ಅಬ್ಬಾ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನೂ ಅಲ್ಲಿಗೇ ಓಡಿದೆ. ಗ್ಲೂಕೋಸ್ ಹತ್ತಿಸಿದ ಮೇಲೆ ಅವಳಿಗೆ ಪೂರ್ತಿ ಎಚ್ಚರವಾಗಿತ್ತು. ಡಾಕ್ಟರು ಕೇಳಿದರು: "ಊಟ ಮಾಡ್ದೆ ಮಾತ್ರೆ ತಗೊಂಡ್ರಾ ಅಜ್ಜಿ? ಯಾಕೆ?"

ದಾದಿ ಸ್ವಲ್ಪ ಹೊತ್ತು ಯೋಚಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಛಾವಣಿ ನೋಡುತ್ತ, "ಮರೆತುಹೋಯ್ತು" ಎಂದಳು.

ಸಂಜೆ ಅವಳ ಬಟ್ಟೆ ತರಲೆಂದು ಕೆಳಗಿನ ಕೋಣೆಗೆ ಹೋದೆ. ಚಾಪೆ ಹಾಸಿತ್ತು, ದಿಂಬಿನ ಮೇಲೆ ತಲೆಯಿಟ್ಟ ಗುರುತಿತ್ತು. ನೀರಿನ ಲೋಟದ ಪಕ್ಕ ಮಾತ್ರೆಯ ಪಟ್ಟಿ. ಅದರ ಮುಂದೆ ತೊಳೆದಿಟ್ಟ ಎರಡು ಖಾಲಿ ತಟ್ಟೆ. ಅನ್ನದ ಪಾತ್ರೆಯ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾನು ಗೋಡೆಯ ಚಿತ್ರ ನೋಡಿದೆ. ಎಡದಿಂದ ಅಲ್ಲ, ಬಲದಿಂದ. ಮಲಗು, ಮಾತ್ರೆ ನುಂಗು, ಖಾಲಿ ತಟ್ಟೆ ಇಟ್ಟುಕೊಂಡು ಕಾಯಿ, ಆಮೇಲೆ ಉಣ್ಣು.

ಉರ್ದು ಓದುವವರ ಕಣ್ಣು ಬಲಗಡೆಯಿಂದಲೇ ಹೊರಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಕನ್ನಡ ಶಾಲೆಗೆ ಸೇರುವ ಮೊದಲೇ ಇದೇ ದಾದಿ ನನ್ನ ಬೆರಳು ಹಿಡಿದು ಬಲದಿಂದ ಎಡಕ್ಕೆ ಅಲಿಫ್, ಬೇ ತಿದ್ದಿಸಿದ್ದಳು. ಬೇರೆ ಯಾರಾದರೂ ಮಾಡಿದ್ದರೆ ತಿಳಿಯದ ತಪ್ಪು ಎನ್ನಬಹುದಿತ್ತು. ನಾನು ತಿಳಿದದ್ದನ್ನು ಕಾಲೇಜಿನ ಗೇಟಿನಲ್ಲೇ ಬಿಟ್ಟು ಒಳಗೆ ಹೋಗಿದ್ದೆ. ಹತ್ತು ದಿನ ಅವಳು ಮಾತ್ರೆ ನುಂಗಿದ ಮೇಲೆ ಉಂಡಿದ್ದಳು, ಬೇಗ ಉಂಡಿದ್ದರಿಂದ ಬರೀ ಕೈ ನಡುಗಿತ್ತು. ಗುರುವಾರ ನನಗಾಗಿ ಕಾದಿದ್ದಳು.

ನಾಚಿಕೆಯಾದರೂ ಹೇಳಿಬಿಡುತ್ತೇನೆ: ಆ ಕ್ಷಣ ನನಗೆ ಭಯವಾದದ್ದು ದಾದಿಯ ಬಗ್ಗೆ ಅಲ್ಲ, ಸೋಮವಾರದ ಬಗ್ಗೆ. ವಿಷಯ ಹೊರಗೆ ಬಂದರೆ ವರದಿ ಸುಳ್ಳಾಗುತ್ತದೆ, ಚಿತ್ರ ಸೋಲುತ್ತದೆ, ನಾನು ಸೋಲುತ್ತೇನೆ. ಜ್ಯೂರಿ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಚಿತ್ರವನ್ನು ಗೋಡೆಯಿಂದ ಕಿತ್ತು ನನ್ನ ಬ್ಯಾಗಿನಲ್ಲಿಟ್ಟೆ.

ಶುಕ್ರವಾರ ದಾದಿ ಮನೆಗೆ ಬಂದಳು. ಅವಳನ್ನು ಮಹಡಿಯ ಮೇಲೆ ಕರೆದುಕೊಂಡು ಹೋದರು. ಶನಿವಾರ ಅಬ್ಬಾ ಅವಳ ಗ್ಯಾಸ್ ಒಲೆಯ ಪೈಪು ಬಿಚ್ಚಿದರು. ಅಬ್ಬಾಗೆ ಮರೆವಿನ ಕಾಯಿಲೆ ಎಂದರೆ ತುಂಬ ಹೆದರಿಕೆ, ಅವರ ಚಿಕ್ಕಪ್ಪ ಕೊನೆಗೆ ಹೆಂಡತಿಯನ್ನೇ ಗುರುತಿಸದೆ ಹೋದವರು. "ಇವತ್ತು ಊಟ ಮರೆತ್ರು, ನಾಳೆ ಗ್ಯಾಸ್ ಮರೀತಾರೆ" ಎಂದರು ಅಮ್ಮಿಗೆ. ದಾದಿ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಯಾರಾದರೂ ನನ್ನ ಹೆಸರು ಕರೆದರೆ ಸಾಕು, ಬೆಚ್ಚಿ ಬೀಳುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ.

ಭಾನುವಾರ ಸಂಜೆ ಫುಪ್ಪು ಬಂದಳು, ಅಬ್ಬಾನ ಅಕ್ಕ. ಬಂದವಳೇ ತಾಯಿಯ ಎದುರು ಕೂತು ಪರೀಕ್ಷೆ ಶುರು ಮಾಡಿದಳು.

"ಅಮ್ಮಾ, ಇವತ್ತು ಯಾವ ವಾರ, ಹೇಳಿ ನೋಡೋಣ?"

"ಬುಧವಾರ ಇರ್ಬೇಕು," ಎಂದಳು ದಾದಿ.

ಅಬ್ಬಾ, ಅಮ್ಮಿ ಮುಖ ಮುಖ ನೋಡಿಕೊಂಡರು. "ಮೊಮ್ಮಕ್ಕಳು ಎಷ್ಟು ಜನ ಅಮ್ಮಾ?" ದಾದಿ ಬೆರಳು ಮಡಚುತ್ತ ಎಣಿಸಿ, ಒಂಬತ್ತು ಜನರಲ್ಲಿ ಇಬ್ಬರನ್ನು ಬಿಟ್ಟಳು.

ನನ್ನೊಳಗೆ ಏನೋ ಹಗುರವಾಯಿತು. ಹಾಗಾದರೆ ಅವಳಿಗೆ ನಿಜವಾಗಿಯೂ ಮರೆವು. ಹಾಗಾದರೆ ತಪ್ಪು ನನ್ನದಲ್ಲ. ಆ ಯೋಚನೆಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡೆ. ಅಷ್ಟರಲ್ಲಿ ಅಬ್ಬಾ, "ನಾಳೆ ಮೆದುಳಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಕೆಳಗಿನ ಕೋಣೆಗೆ ಬೀಗ ಹಾಕಿಬಿಡೋಣ, ಇನ್ನು ಅಮ್ಮನ್ನ ಒಂಟಿಯಾಗಿ ಬಿಡೋ ಹಾಗಿಲ್ಲ" ಎಂದರು. ಹೇಳುತ್ತಲೇ ಕಣ್ಣೊರೆಸಿಕೊಂಡರು. ಅಬ್ಬಾ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎದ್ದು ಹೋಗಿ ಬ್ಯಾಗಿನಿಂದ ಚಿತ್ರ ತಂದು ಎಲ್ಲರ ನಡುವೆ ನೆಲದ ಮೇಲೆ ಹಾಸಿದೆ. "ದಾದಿ, ಇದನ್ನ ಹೇಗೆ ಓದಿದ್ರಿ, ಬೆರಳಿಟ್ಟು ತೋರ್ಸಿ."

"ನಕ್ಕೋ," ಎಂದಳು ದಾದಿ. ಬೇಡ ಎಂದು. ಕಾಗದವನ್ನು ನನ್ನ ಕಡೆಗೇ ತಳ್ಳಿದಳು.

ನಾನೇ ಬಲಗಡೆಯ ದಿಂಬಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದೆ. ದಿನಾ ಬೆಳಿಗ್ಗೆ ಉರ್ದು ಪೇಪರ್ ಓದುವ ಅಬ್ಬಾಗೆ ಎರಡನೇ ಚೌಕ ಬರುವಷ್ಟರಲ್ಲೇ ತಿಳಿದುಹೋಯಿತು. "ಯಾವಾಗ ಗೊತ್ತಾಯ್ತು ನಿಂಗೆ?" ಎಂದರು. "ಗುರುವಾರ" ಎಂದೆ. ಅವರು ಬೈಯಲಿಲ್ಲ. ಕೆಳಗಿಳಿದು ಹೋಗಿ ದಾದಿಯ ಒಲೆಗೆ ಪೈಪು ಮತ್ತೆ ಜೋಡಿಸಿದರು. ದಾದಿ ಮುಖ ತಿರುಗಿಸಿ ಮಲಗಿದಳು.

ಸೋಮವಾರ ಜ್ಯೂರಿಯಲ್ಲಿ ಎಲ್ಲವನ್ನೂ ಹೇಳಿದೆ. ಹೊರಗಿನಿಂದ ಬಂದಿದ್ದ ಕಲಾವಿದೆ ಕೇಳಿದರು: "ಮತ್ತೆ ವರದೀಲಿ ಪೂರ್ತಿ ಅರ್ಥವಾಯಿತು ಅಂತ ಬರೆದಿದ್ದೀರಲ್ಲ?"

"ಅರ್ಥ ಆಯ್ತಾ ಅಂತ ಕೇಳ್ದೆ ಮೇಡಂ, ತಲೆಯಾಡಿಸಿದ್ರು. ಅವರ ಬಾಯಲ್ಲೇ ಕಥೆ ಹೇಳಿಸ್ಲಿಲ್ಲ."

ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸಂಜೆ ಪಟ್ಟಿ ಅಂಟಿಸಿದಾಗ ನನ್ನ ಹೆಸರು ಮತ್ತೆ ಮಾಡಿ ತೋರಿಸಬೇಕಾದವರ ಸಾಲಿನಲ್ಲಿತ್ತು.

ಮನೆಗೆ ಬಂದಾಗ ದಾದಿ ಕೆಳಗಿನ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಬಾಗಿಲಲ್ಲೇ ನಿಂತೆ. ಅವಳು ತಲೆಯೆತ್ತದೆ ಕೇಳಿದಳು: "ಏನಾಯ್ತು?"

"ಮತ್ತೆ ಮಾಡ್ಕೊಂಡು ಬರ್ಬೇಕಂತೆ."

ಸೊಪ್ಪಿನ ಕಟ್ಟನ್ನು ಅವಳು ಮೊರದೊಳಗೆ ಎಸೆದಳು. "ಆಸ್ಪತ್ರೇಲಿ ಆ ಡಾಕ್ಟರ್ ಕೇಳಿದಾಗ್ಲೇ ನಂಗೆ ತಿಳೀತು, ನೀನು ಆ ಕಡೆಯಿಂದ ಬರೆದಿದ್ದೀಯ ಅಂತ. ಸೋಮವಾರ ಕಳೀಲಿ, ಆಮೇಲೆ ನಾನೇ ಹೇಳೋಣ ಅಂತ ಇದ್ದೆ. ಭಾನುವಾರಾನ ಬುಧವಾರ ಅಂದೆ. ನನ್ನ ಮೊಮ್ಮಕ್ಕಳನ್ನೇ ತಪ್ಪಾಗಿ ಎಣಿಸ್ದೆ. ನನ್ನ ಮಗ ಅಳೋದನ್ನ ನೋಡ್ಕೊಂಡು ಸುಮ್ನೆ ಕೂತಿದ್ದೆ. ಇನ್ನೊಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

ಆ ಮೂರು ದಿನ ಮನೆಯಲ್ಲಿ ಸತ್ಯ ಗೊತ್ತಿದ್ದವರು ನಾವಿಬ್ಬರೇ. ಅವಳು ಸುಮ್ಮನಿದ್ದದ್ದು ನನಗಾಗಿ. ನಾನು ಸುಮ್ಮನಿದ್ದದ್ದೂ ನನಗಾಗಿಯೇ.