ಮದುವೆಗೆ ಹೋದವಳ ಅಂಕ ಏರಿದ್ದು

ಬಳ್ಳಾರಿಯಲ್ಲಿ ಗುಡ್ಡ ಅಗೆದು ತೆಗೆದ ಅದಿರಿನ ವ್ಯಾಪಾರ ಉಕ್ಕಿ ಹರಿಯುತ್ತಿದ್ದ ವರ್ಷಗಳಲ್ಲಿ ನಾನು ಕಂಟೋನ್ಮೆಂಟಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಊರಿಗೆ ಏನೇ ಹೊಸದು ಬಂದರೂ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿಕೊಳ್ಳುವುದು ಆಗ ಎಲ್ಲರಿಗೂ ರೂಢಿಯಾಗಿತ್ತು. ನನಗೆ ಸ್ವಲ್ಪ ಹೆಚ್ಚೇ. ತರಕಾರಿಯವಳು ಕೇಳದೆ ಒಂದು ಹಿಡಿ ಮೆಣಸಿನಕಾಯಿ ಹಾಕಿದರೆ, ತಳದ ಬದನೆಕಾಯಿ ಹುಳುಕಿರಬೇಕು ಎಂದು ಅಲ್ಲೇ ಚೀಲ ಬಗ್ಗಿಸಿ ನೋಡುವವಳು ನಾನು.

ಹೀಗಿರುವಾಗ ನಮ್ಮ ಆಡಳಿತ ಮಂಡಳಿಗೆ ಹೊಸದಾಗಿ ಸೇರಿದ್ದ ಅದಿರು ವ್ಯಾಪಾರಿಯೊಬ್ಬರು ಶಾಲೆಗೆ ಒಂದು ಇಡೀ ಕಂಪ್ಯೂಟರ್ ಕೋಣೆಯನ್ನೇ ದಾನ ಕೊಟ್ಟರು. ಜೊತೆಗೆ ಹೈದರಾಬಾದಿನ ಒಂದು ಕಂಪನಿಯಿಂದ ಭೂಗೋಳದ ಆಟವೊಂದನ್ನೂ ಹಾಕಿಸಿದರು. ಪರದೆಯ ಮೇಲೆ ಒಂದು ಗುಡ್ಡ. ಒಂದೊಂದು ಮಗುವಿಗೂ ಅದರದೇ ಗುಡ್ಡ, ಅದರದೇ ಒಂದು ಗೊಂಬೆ. ಗೊಂಬೆಯನ್ನು ನಡೆಸುತ್ತ ಗುಡ್ಡ ಹತ್ತಬೇಕು, ಕಲ್ಲು ಹೊರಬೇಕು, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಕಟ್ಟಬೇಕು. ಆಮೇಲೆ ಮಳೆ ಬರುತ್ತದೆ. ಎಷ್ಟು ಮಣ್ಣು ಕೊಚ್ಚಿಹೋಗದೆ ಉಳಿಯಿತೋ ಅಷ್ಟು ಅಂಕ. ಅಂಕ ಹಾಕುವುದೂ ಯಂತ್ರವೇ.

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದೆವು. ಅವರು ನನ್ನನ್ನು ಕರೆದು, "ಇನ್ಮ್ಯಾಲೆ ಆ ಅಂಕಾನೇ ನಿಮ್ಮ ವಿಷಯಕ್ಕ ಸೇರಸ್ರಿ. ಪೇಪರ್ ತಿದ್ದೋ ತ್ರಾಸ ನಿಮಗ ಕಮ್ಮಿ ಆಗ್ತೈತಿ" ಅಂದರು. ನನ್ನ ತ್ರಾಸದ ಬಗ್ಗೆ ಅವರು ಹಿಂದೆಂದೂ ಚಿಂತಿಸಿದವರಲ್ಲ. ಅಲ್ಲಿಂದಲೇ ನನಗೆ ಅನುಮಾನ ಹತ್ತಿಕೊಂಡಿತು.

ಕೆಲವು ವಾರಗಳಾದ ಮೇಲೆ ಕಂಪನಿಯವನು ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖ ಬಿಟ್ಟು ಹೋಗದ ನಗು. ನಮ್ಮನ್ನೆಲ್ಲ ಕೂರಿಸಿ ಗೋಡೆಯ ಮೇಲೆ ಬಣ್ಣದ ಗೆರೆಗಳನ್ನು ತೋರಿಸಿದ. ಎಲ್ಲ ಗೆರೆಗಳೂ ಮೇಲಕ್ಕೇ ಏರುತ್ತಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು. "ಚೂಡಂಡಿ ಮೇಡಂ, ಈ ವಾರ ಈ ಪಾಪ ಎಷ್ಟು ಚೆನ್ನಾಗಿ ಕಲಿತಿದ್ದಾಳೆ!" ಎಂದು ತೆಲುಗು ಬೆರೆಸಿ ಹೇಳುತ್ತ ಕೋಲಿನಿಂದ ಆ ಹುಡುಗಿಯ ಗೆರೆಯನ್ನು ಮುಟ್ಟಿ ತೋರಿಸಿದ.

ಆ ಹುಡುಗಿ ಸಿರುಗುಪ್ಪದವಳು. ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಅಕ್ಕನ ಮದುವೆಯೆಂದು ರಜೆ ಹಾಕಿ ಊರಿಗೆ ಹೋಗಿದ್ದಳು. ರಜೆ ಕೊಟ್ಟವಳು ನಾನೇ.

"ಆಕಿ ಈ ವಾರ ಸಾಲಿಗೇ ಬಂದಿಲ್ಲಲ್ರಿ" ಎಂದೆ.

ಅವನ ನಗು ಹೋಗಲಿಲ್ಲ. "ಸಿಸ್ಟಮ್ ಸುಳ್ಳು ಹೇಳಲ್ಲ ಮೇಡಂ. ನಿಮ್ಮ ಹಾಜರಿಯಲ್ಲೇ ಏನೋ ತಪ್ಪಿರಬೇಕು, ನೋಡಿ."

ದೊಡ್ಡ ಮೇಡಂ ನನ್ನತ್ತ ತಿರುಗಿ, "ಮೊದ್ಲಿಂದ್ಲೂ ನಿಮಗ ಆ ಕಂಪ್ಯೂಟರ್ ಕಂಡ್ರ ಆಗಂಗಿಲ್ಲ" ಎಂದರು. ನನ್ನೊಳಗೆ ಲೆಕ್ಕ ಶುರುವಾಯಿತು. ದಾನ ಕೊಟ್ಟವರನ್ನು ಮೆಚ್ಚಿಸಲು ಇವನೇ ಅಂಕ ಏರಿಸುತ್ತಿದ್ದಾನೆ. ಇಲ್ಲವೇ, ಮಗು ಇದ್ದರೂ ಇಲ್ಲದಿದ್ದರೂ ಆ ಗೆರೆ ಏರುವ ಹಾಗೆ ಯಂತ್ರವನ್ನೇ ಮಾಡಿಟ್ಟಿದ್ದಾರೆ. ಅದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ.

ಮದುವೆಗೆ ನನಗೂ ಕರೆ ಇತ್ತು. ಬೇರೆ ದಿನವಾಗಿದ್ದರೆ ಹೋಗುತ್ತಿರಲಿಲ್ಲವೇನೋ. ಭಾನುವಾರ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ. ಬಳ್ಳಾರಿಯ ಕೆಂಪು ಧೂಳು ಹಿಂದಕ್ಕೆ ಬಿದ್ದು, ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತದ ಹಸಿರು ಕಂಡಿತು. ಕಣ್ಣಿಗೆ ತಂಪೆನಿಸಿತಾದರೂ ನನ್ನ ತಲೆ ಅತ್ತ ಹೋಗಲಿಲ್ಲ. ಹುಡುಗಿಯನ್ನು ಹೇಗೆ ಕೇಳಬೇಕು ಎಂಬುದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೆ.

ಹುಡುಗಿಯ ತಂದೆ ದರ್ಜಿ. ಮದುಮಗಳ ಬಟ್ಟೆಯನ್ನೆಲ್ಲ ತಾನೇ ಹೊಲಿದೆನೆಂದು ಸಂಭ್ರಮದಿಂದ ಹೇಳಿ ನನ್ನನ್ನು ಹೆಂಗಸರಿದ್ದ ಕೋಣೆಗೆ ಕಳಿಸಿದರು. ಹುಡುಗಿ ಓಡಿ ಬಂದಳು. ಅಂಗೈಯಿಂದ ಮೊಣಕೈವರೆಗೆ ಮೆಹಂದಿ.

"ಊರಿಗೆ ಬಂದ ಮ್ಯಾಲೆ ಎಲ್ಲ್ಯಾರ ಕಂಪ್ಯೂಟರ್ ಮುಂದ ಕುಂತಿದ್ದೇನಮ್ಮ?" ಎಂದು ಸಹಜವಾಗಿ ಎಂಬಂತೆ ಕೇಳಿದೆ.

"ಇಲ್ರಿ ಟೀಚರ್. ಇಲ್ಲಿ ಎಲ್ಲಿ ಐತ್ರಿ? ಮನಿ ತುಂಬ ಮಂದಿ, ಬರೇ ಕೆಲಸ."

"ನಿನ್ನ ಗುಡ್ಡ ಬಾಳ ಚಲೋ ಆಗೇತಿ. ಕ್ಲಾಸಿಗೇ ನಿಂದ ಮ್ಯಾಲೈತಿ."

ಆಕೆಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. "ಹೌದೇನ್ರಿ" ಎಂದವಳೇ ಬಾಗಿಲ ಕಡೆ ನೋಡಿದಳು. "ತಡೀರಿ ಟೀಚರ್, ನಿಮಗ ಮೀಠಾ ತರ್ತೀನಿ" ಎಂದು ಹೊರಟೇಹೋದಳು. ಮೀಠಾ ತಂದದ್ದು ಅವಳ ಚಿಕ್ಕಮ್ಮ. ಸಿಹಿಯ ಬಟ್ಟಲು ನನ್ನ ಕೈಗಿಡುತ್ತ ಆಕೆ ನಕ್ಕು, "ಟೀಚರಮ್ಮ, ನೀವು ಮದುವಿಗೆ ಬಂದೀರೋ, ತಪಾಸಣಿಗೆ ಬಂದೀರೋ?" ಎಂದರು. ಸುತ್ತಲಿದ್ದವರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಅನುಮಾನ ಹೈದರಾಬಾದಿನವನನ್ನು ಬಿಟ್ಟು ಈ ಹುಡುಗಿಗೆ ಬಂದು ಅಂಟಿಕೊಂಡಿತ್ತು. ಆಕೆ ಊರಲ್ಲಿದ್ದರೂ ಆಕೆಯ ಗೊಂಬೆಯನ್ನು ಬಳ್ಳಾರಿಯಲ್ಲಿ ಯಾರೋ ನಡೆಸುತ್ತಿದ್ದಾರೆ. ಅದು ಆಕೆಗೆ ಗೊತ್ತು.

ಮರುದಿನ ಗಂಟೆ ಹೊಡೆಯುವುದಕ್ಕೆ ಬಹಳ ಮೊದಲೇ ಶಾಲೆಗೆ ಹೋದೆ. ಲಾರಿಗಳ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಕೂರುತ್ತಿದ್ದುದರಿಂದ ಜವಾನ ಬೆಳಿಗ್ಗೆ ಬೇಗ ಕಂಪ್ಯೂಟರ್ ಕೋಣೆ ತೆರೆದು ಒರೆಸುತ್ತಿದ್ದ. ಕಿಟಕಿಯಿಂದ ಇಣುಕಿದೆ. ಮೂಲೆಯಲ್ಲಿ ಅದೇ ಒಂಬತ್ತನೇ ತರಗತಿಯ ಇನ್ನೊಬ್ಬ ಹುಡುಗಿ ಕುಳಿತಿದ್ದಳು. ಕುರುಗೋಡಿನವಳು. ಅಲ್ಲಿಂದ ತಡವಾಗಿ ಹೊರಡುವ ಬಸ್ಸುಗಳು ಅದಿರಿನ ಲಾರಿಗಳ ಸಾಲಿಗೆ ಸಿಕ್ಕಿ ಎಲ್ಲೆಂದರಲ್ಲಿ ನಿಂತುಬಿಡುತ್ತಿದ್ದವು. ಹಾಗಾಗಿ ಆಕೆ ದಿನವೂ ಮೊದಲ ಬಸ್ಸಿಗೇ ಬರುತ್ತಿದ್ದಳು ಎಂಬುದು ನನಗೆ ತಿಳಿದಿತ್ತು. ಬಂದು ಎಲ್ಲಿ ಕೂರುತ್ತಾಳೆಂದು ಮಾತ್ರ ನಾನು ಯಾವತ್ತೂ ಕೇಳಿರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಆಕೆ ತರಗತಿಗೇ ಹಿಂದೆ ಬಿದ್ದವಳು.

ಆಕೆ ತನ್ನ ಗುಡ್ಡದ ಮೇಲೆ ಒಡ್ಡು ಕಟ್ಟಿದಳು. ಮಳೆ ತರಿಸಿದಳು. ಒಡ್ಡು ಒಡೆದು ಮಣ್ಣೆಲ್ಲ ಇಳಿದುಹೋಯಿತು. ಇನ್ನೊಂದು ಕಡೆ ಕಟ್ಟಿದಳು, ಅದೂ ಒಡೆಯಿತು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. ಆಮೇಲೆ ತನ್ನ ಗುಡ್ಡದಿಂದ ಹೊರಬಂದು ಬೇರೆ ಹೆಸರು ಒತ್ತಿದಳು. ಸಿರುಗುಪ್ಪದ ಹುಡುಗಿಯ ಗುಡ್ಡ ತೆರೆಯಿತು.

ನಾನು ಒಳಗೆ ಹೋಗಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಆಕೆ ಮೌಸಿನಿಂದ ಕೈ ತೆಗೆದು ಲಂಗದಲ್ಲಿ ಮುಚ್ಚಿಟ್ಟುಕೊಂಡಳು.

"ಇದು ಯಾರ ಗುಡ್ಡ?"

"ಆಕಿದ್ರಿ."

"ನೀ ಯಾಕ ಮಾಡಾಕತ್ತಿ?"

ಆಕೆ ಒಂದೇ ಉಸಿರಿನಲ್ಲಿ ಹೇಳಿದಳು: "ದಿನಾ ಆಟದೊಳಗ ಹೋಗ್ಲಿಲ್ಲಂದ್ರ ಅಂಕ ಇಳೀತಾವ್ರಿ ಟೀಚರ್. ಆಕಿ ಅಕ್ಕನ ಮದುವಿ ಬಿಟ್ಟು ಹೆಂಗ ಬರ್ತಾಳ್ರಿ? ನನ್ನ ಗೊಂಬಿ ನೋಡ್ಕೊ ಅಂದ್ಲು. ನೋಡ್ಕೊಂತಿದ್ದೆ."

"ಆಕಿದ್ರಾಗ ಅಷ್ಟು ಚಲೋ ಕಟ್ಟೀ. ನಿಂದ್ರಾಗ ಯಾಕ ಹಿಂಗ?"

"ನನ್ನದ್ರಾಗ ಎಲ್ಲಿ ಒಡೀತೈತಿ ಅಂತ ನೋಡ್ತೀನ್ರಿ. ಆಕಿದು ಒಡ್ಯಾಕ ಬರಾಂಗಿಲ್ಲಲ್ರಿ, ಅದು ಆಕಿದು."

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಸಿಕ್ಕಿಬಿದ್ದ ಮಕ್ಕಳು ಎಷ್ಟು ಚೆಂದದ ಮಾತು ಹೊಸೆಯುತ್ತಾರೆಂದು ನನಗೆ ಗೊತ್ತಿತ್ತು. ಈಕೆಗೂ ಬೇರೆ ಯಾರೋ ಹೇಳಿಕೊಟ್ಟಿರಬಹುದು. ಅದೂ ಅಲ್ಲದೆ, ಈ ಇಬ್ಬರು ಹೀಗೆ ಮಾಡಿದ್ದರೆ ಉಳಿದವರ ಗುಡ್ಡಗಳನ್ನು ಕಟ್ಟಿದವರು ಯಾರು? ಅವತ್ತು ತರಗತಿಗೆ ಹೋದಾಗ ಒಂದೊಂದು ಮುಖವೂ ನನಗೆ ಏನನ್ನೋ ಬಚ್ಚಿಟ್ಟಂತೆ ಕಂಡಿತು.

ಸಿರುಗುಪ್ಪದ ಹುಡುಗಿ ಮರಳಿ ಬಂದ ದಿನ ಇಬ್ಬರನ್ನೂ ಶಾಲೆಯ ಹಿತ್ತಲಿಗೆ ಕರೆದೆ. ದೊಡ್ಡ ಮೇಡಂಗೆ ನಡೆದುದನ್ನೆಲ್ಲ ಹೇಳಿ, ಅವರನ್ನೂ ಬರಹೇಳಿದ್ದೆ. ಹಳೆಯ ತಗಡಿನ ಮೇಲೆ ಕೆಂಪು ಮಣ್ಣಿನ ಒಂದು ಗುಡ್ಡ ಮಾಡಿಸಿದ್ದೆ. ಪಕ್ಕದಲ್ಲಿ ಸಣ್ಣ ಕಲ್ಲುಗಳ ರಾಶಿ, ಗಿಡಗಳಿಗೆ ನೀರು ಚಿಮುಕಿಸುವ ಡಬ್ಬಿ.

ಮೊದಲು ಸಿರುಗುಪ್ಪದವಳು ಕಟ್ಟಿದಳು. ಗುಡ್ಡದ ಬುಡದಲ್ಲಿ ದೊಡ್ಡದೊಂದು ಒಡ್ಡು, ನೋಡಲು ಭದ್ರ. ನಾನು ನೀರು ಬಿಟ್ಟೆ. ನೀರು ಮೇಲಿನಿಂದ ಮಣ್ಣು ಸೆಳೆದುಕೊಂಡು ಬಂದು ಅಲ್ಲಿ ನಿಂತಿತು, ತುಂಬಿತು, ಒಡ್ಡನ್ನು ಕೊಚ್ಚಿಕೊಂಡು ದೊಡ್ಡ ಮೇಡಂ ಚಪ್ಪಲಿಯವರೆಗೆ ಹರಿಯಿತು. ಅವರು ಸೀರೆ ಎತ್ತಿ ಹಿಂದೆ ಸರಿದರು. ಹುಡುಗಿ ತಲೆ ತಗ್ಗಿಸಿದಳು.

"ನನ್ನ ಗೊಂಬಿ ಕಲಿತೈತ್ರಿ ಟೀಚರ್. ನಾ ಕಲಿತಿಲ್ಲ" ಎಂದಳು.

ಆಮೇಲೆ ಕುರುಗೋಡಿನವಳು. ನೆತ್ತಿಯಿಂದ ಶುರು ಮಾಡಿದಳು. ಬೆರಳುದ್ದದ ಸಣ್ಣ ಒಡ್ಡುಗಳು, ಒಂದರ ಕೆಳಗೆ ಒಂದು. ನಡುವೆ ಒಂದು ಕಡೆ ಕಲ್ಲಿಡದೆ ಬಿಟ್ಟಳು. ಯಾಕೆಂದು ಕೇಳಿದರೆ, "ಹೆಚ್ಚಾದ ನೀರು ಹೋಗಾಕ ದಾರಿ ಬೇಕ್ರಿ. ಇಲ್ಲಂದ್ರ ಎಲ್ಲಾ ತಗೊಂಡು ಹೋಗ್ತೈತಿ. ನನ್ನದ್ರಾಗ ಹಂಗ ಆಗಿತ್ತು" ಎಂದಳು. ನೀರು ಬಿಟ್ಟೆ. ಒಂದು ಒಡ್ಡು ಜಗ್ಗಿತು, ಉಳಿದವು ನಿಂತವು.

ದೊಡ್ಡ ಮೇಡಂ ಬಹಳ ಹೊತ್ತು ತಗಡನ್ನೇ ನೋಡಿದರು. ಆಮೇಲೆ ಗಡುಸಾಗಿ, "ಇದು ಕಾಪಿ ಹೊಡದಂಗ. ಇಬ್ಬರಿಗೂ ಸೊನ್ನಿ ಹಾಕ್ರಿ. ಮನಿಯವ್ರನ್ನ ಕರಸ್ರಿ" ಎಂದರು.

ಕುರುಗೋಡಿನವಳ ಕಣ್ಣು ತುಂಬಿತು. "ಮನಿಯವ್ರನ್ನ ಬ್ಯಾಡ್ರಿ ಮೇಡಂ. ಬಸ್ಸಿಗೆ ಕಳ್ಸಾದೇ ಬ್ಯಾಡ ಅಂತಾರ್ರಿ, ಸಾಲಿ ಬಿಡಸ್ತಾರ" ಎಂದಳು. ಸಿರುಗುಪ್ಪದವಳು ಆಕೆಯ ಕೈ ಹಿಡಿದುಕೊಂಡು, "ಹೇಳಿದಾಕಿ ನಾನ್ರಿ. ನನಗಷ್ಟ ಹಾಕ್ರಿ ಸೊನ್ನಿ" ಎಂದಳು.

ನಾನು ಇಬ್ಬರನ್ನೂ ತರಗತಿಗೆ ಕಳಿಸಿ ದೊಡ್ಡ ಮೇಡಂ ಜೊತೆ ಅಲ್ಲೇ ನಿಂತೆ. "ಒಬ್ಬಾಕಿ ಕಲಿತಾಳ, ಯಂತ್ರ ದಡ್ಡಿ ಅಂತೈತಿ. ಇನ್ನೊಬ್ಬಾಕಿ ಕಲಿತಿಲ್ಲ, ಜಾಣಿ ಅಂತೈತಿ. ಈಗ ಇಬ್ಬರಿಗೂ ಸೊನ್ನಿ ಹಾಕಿದ್ರ ನಾವೂ ಯಂತ್ರದಂಗ ಆದ್ವಿ" ಎಂದೆ.

"ಆ ಹುಡುಗಿ ನಿಮಗೇನಾಗಬೇಕು?" ಎಂದು ಅವರು ಕಣ್ಣು ಕಿರಿದು ಮಾಡಿ ಕೇಳಿದರು. ಏನೂ ಆಗಬೇಕಿಲ್ಲ ಎಂದರೆ ಅವರು ನಂಬಲಿಲ್ಲ. ಅನುಮಾನ ಎಂದರೆ ಹೇಗಿರುತ್ತದೆಂದು ಎದುರುಗಡೆ ನಿಂತು ನೋಡಿದ್ದು ನನಗೆ ಅದೇ ಮೊದಲು. ಮೈ ಉರಿಯಿತು. ಆದರೂ ಅವರು ಕೊನೆಗೆ ಒಪ್ಪಿದರು. ಮನೆಯವರನ್ನು ಕರೆಸುವುದು ಬೇಡ. ಯಂತ್ರದ ಅಂಕ ಆ ವರ್ಷ ಸೇರಿಸುವುದೂ ಬೇಡ. ಇಡೀ ತರಗತಿಯನ್ನು ಇದೇ ತಗಡಿನ ಮುಂದೆ ಕೂರಿಸಿ ನಾನೇ ನೋಡಿ ಅಂಕ ಹಾಕಬೇಕು.

ಹಾಗೆಯೇ ಮಾಡಿದೆ. ಮಧ್ಯಾಹ್ನಗಳೆಲ್ಲ ಹಿತ್ತಲಲ್ಲೇ ಕಳೆದವು, ನನ್ನ ಸೀರೆಗಳ ಅಂಚು ಕೆಂಪಾಗಿಯೇ ಉಳಿಯಿತು. ಇನ್ನೂ ಎಷ್ಟು ಮೋಸ ಹೊರಬೀಳುತ್ತದೋ ಎಂದು ಕಾದಿದ್ದೆ. ಹೊರಬಿದ್ದದ್ದು ಕಡಿಮೆ. ಇನ್ನೂ ಒಂದಿಬ್ಬರದು ಬರೀ ಗೊಂಬೆಯ ಜಾಣತನ ಎಂದು ತಿಳಿಯಿತು, ಅಷ್ಟೇ. ಉಳಿದ ಬಹುಪಾಲು ಮಕ್ಕಳ ವಿಷಯದಲ್ಲಿ ಯಂತ್ರ ಹೇಳಿದ್ದೇ ಸರಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಸಿರುಗುಪ್ಪದವಳಿಗೆ ಮೊದಲ ಸಲ ಅಂಕ ಹಾಕಲಿಲ್ಲ. ಗೆಳತಿಯ ಜೊತೆ ಊಟದ ಬಿಡುವಿನಲ್ಲಿ ಕುಳಿತು ಕಟ್ಟಿ ಕಲಿತಳು. ಎರಡನೆಯ ಸಲ ಆಕೆಯ ಒಡ್ಡು ನಿಂತಿತು.

ವರ್ಷದ ಕೊನೆಗೆ ದಾನ ಕೊಟ್ಟವರು ಕೋಣೆ ನೋಡಲು ಬಂದರು, ಹಿಂದೆಯೇ ಹೈದರಾಬಾದಿನವನು. ಎಲ್ಲರಿಗಿಂತ ಮೇಲೆ ಬಂದ ಹುಡುಗಿಯನ್ನು ಕರೆಸಿ ಎಂದು ಅವನು ಕೇಳಿದ. ದೊಡ್ಡ ಮೇಡಂ ನನ್ನ ಮುಖ ನೋಡದೆ ಇಬ್ಬರನ್ನೂ ಕರೆಸಿದರು.

"ಏನು ಕಲಿತ್ರಮ್ಮ?" ಎಂದು ದಾನಿಗಳು ಕೇಳಿದರು.

"ಗುಡ್ಡದ ಮ್ಯಾಲಿಂದ ಸಣ್ಣ ಸಣ್ಣ ಒಡ್ಡು ಕಟ್ಕೊಂತ ಬಂದ್ರ ಮಣ್ಣು ಉಳೀತೈತ್ರಿ" ಎಂದು ಸಿರುಗುಪ್ಪದವಳು ತಡವರಿಸದೆ ಹೇಳಿದಳು.

ಅವರು ಭೇಷ್ ಎಂದು ತಲೆಯಾಡಿಸಿ ಎದ್ದರು. ಆಗ ಕುರುಗೋಡಿನವಳು ಕೇಳಿದಳು: "ಸರ್, ಗುಡ್ಡಾನೇ ತಗದಬಿಟ್ರ ಏನ್ಮಾಡಬೇಕ್ರಿ? ಈ ಆಟದಾಗ ಅದಿಲ್ರಿ."

ಹೈದರಾಬಾದಿನವನ ನಗು ಅವತ್ತು ಮೊದಲ ಸಲ ಮುಖ ಬಿಟ್ಟಿತು. ದಾನಿಗಳು ಮಾತ್ರ ಆಕೆಯನ್ನೇ ಸ್ವಲ್ಪ ಹೊತ್ತು ನೋಡಿ, "ಅದನ್ನೂ ಹಾಕ್ಸೋಣ ಬಿಡಮ್ಮ" ಎಂದು ಹೊರಟರು.

ಸಂಜೆ ಆಕೆ ಬಸ್ ನಿಲ್ದಾಣಕ್ಕೆ ಹೊರಟಾಗ ಗೇಟಿನ ಹತ್ತಿರ ತಡೆದು ನಿಲ್ಲಿಸಿದೆ. "ಖರೇ ಹೇಳು. ಬೇಕಂತ ಕೇಳಿದ್ದೇನು?"

"ಗೊತ್ತಿರಲಿಲ್ರಿ ಟೀಚರ್, ಅದಕ್ಕ ಕೇಳಿದೆ" ಎಂದಳು. ಆ ಮುಖದಲ್ಲಿ ತುಂಟತನದ ಗುರುತೇನಾದರೂ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಆಕೆ ಚೀಲ ಹೆಗಲಿಗೇರಿಸಿಕೊಂಡು ಕುರುಗೋಡಿನ ಬಸ್ಸಿಗೆ ಓಡಿದಳು. ಆಕೆಯ ಮಾತನ್ನು ಪೂರ್ತಿ ನಂಬಿದೆನೆಂದು ಇವತ್ತಿಗೂ ಹೇಳಲಾರೆ.