ಬೀಡಿ ಅಂಗಡಿಯ ಎರಡು ಅರ್ಜಿಗಳು

ಅಪ್ಪನ ಮಗ್ಗದ ಹತ್ತಿರ ಯಾರೂ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ನಡುಮನೆಯಲ್ಲೇ ಇತ್ತು. ನೂಲಿಗೆ ಕಿಡಿ ತಾಗಿದರೆ ದಿನಗಟ್ಟಲೆ ಮಾಡಿದ ಕೆಲಸ ಹಾಳು, ಹೊಗೆ ಹಿಡಿದರೆ ಸೀರೆಗೆ ವಾಸನೆ. ಈ ಕಟ್ಟಳೆಯನ್ನು ಅಪ್ಪ ತಾನೇ ಹಾಕಿಕೊಂಡಿದ್ದ. ಮುರಿದರೆ ದಂಡ ಹಾಕುವವರು ಯಾರೂ ಇರಲಿಲ್ಲ, ಆದರೂ ಅವನು ಮುರಿದದ್ದನ್ನು ನಾನು ಕಂಡಿರಲಿಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳೆಲ್ಲ ಮುಗಿದು, ಅವ್ವ ಮತ್ತೆ ಸುತ್ತಿಕೊಡುವಷ್ಟರಲ್ಲಿ ಓಣಿಯ ತುದಿಯ ಅಂಗಡಿಗೆ ಹೋಗಿ ಒಂದು ಬೀಡಿ ಸೇದಿ ಬರುತ್ತಿದ್ದ.

ಅದು ಕಟ್ಟಿಗೆಯ ಡಬ್ಬಿ ಅಂಗಡಿ. ಮುಂದೆ ಕೂಡಲು ಒಂದು ಉದ್ದನೆಯ ಕಲ್ಲು, ಎದುರಿಗೆ ಶಾಲೆಯ ಗೋಡೆ. ಅಂಗಡಿಯವನು ಅಪ್ಪನ ಬಾಲ್ಯದ ಗೆಳೆಯ, ನನಗೆ ಕಾಕಾ. ಬೀಡಿ ಕಟ್ಟಿನ ಮೇಲೆ ರೋಗಿಯ ಚಿತ್ರ ಬರತೊಡಗಿದಾಗ ಅವನು ಕಟ್ಟನ್ನು ಅಪ್ಪನ ಮುಖದ ಪಕ್ಕ ಹಿಡಿದು, "ಇಂವ ನಿನ್ನಂಗ ಅದಾನ ನೋಡಲೇ" ಅಂದಿದ್ದ.

"ನನಗಿಂತ ಛಂದ ಅದಾನ ಬಿಡು. ಸರಕಾರ ಊಟಕ್ಕ ಹಾಕಿರಬೇಕು."

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದ ವರ್ಷ ಅಪ್ಪನ ಕೆಮ್ಮು ಮಗ್ಗದ ಸಪ್ಪಳವನ್ನೂ ಮೀರಿತ್ತು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಬೀಡಿ ಬಿಡೋದಿದ್ರ ಮುಂದಿನ ಮಾತು" ಎಂದರು. ಅಪ್ಪ ಬಿಡಲಿಲ್ಲ. ಬಿಡು ಎಂದು ನಾನು ಒಂದೆರಡು ಬಾರಿ ಕೇಳಿಕೊಂಡೆ.

"ದುಡಿಯೋದು ನಾನು, ಸೇದೋದು ನಾನು, ಕೆಮ್ಮೋದೂ ನಾನ. ನಡುವ ನಿಂದೇನವಾ?"

"ಆ ಕೆಮ್ಮು ಕೇಳೋರು ನಾವು."

ಅವನು ಮತ್ತೆ ಲಾಳಿ ಎಳೆದ.

ಓಣಿಯವರ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು ನಾನೇ. ರೇಷನ್ ಕಾರ್ಡು, ವಿಧವಾ ವೇತನ, ನಳದ ತಕರಾರು. ಆ ವಾರ ಯಾರೂ ಹೇಳದೆ ಒಂದು ಅರ್ಜಿ ಬರೆದೆ: ಶಾಲೆಯ ಗೋಡೆಯಿಂದ ನೂರು ಗಜದೊಳಗೆ ಬೀಡಿ, ಸಿಗರೇಟು ಮಾರುತ್ತಾರೆ, ಕ್ರಮ ಕೈಗೊಳ್ಳಬೇಕು. ಹೆಸರು ಹಾಕದೆ ನಗರಸಭೆಗೆ ಅಂಚೆಯಲ್ಲಿ ಕಳಿಸಿದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಕಾನೂನು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ನಾನು ಬರೆದದ್ದು ಶಾಲೆಯ ಮಕ್ಕಳಿಗಾಗಿ ಅಲ್ಲ.

ನಗರಸಭೆಯ ಜೀಪು ಬಂತು. ಕಟ್ಟುಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡರು. ಅಂಗಡಿಯನ್ನೂ ಎತ್ತಬೇಕೆಂದರು. ಕಾಕಾ ಕೈ ಮುಗಿದು ನಿಂತಿದ್ದ. ಅಪ್ಪ ಕಲ್ಲಿನಿಂದ ಎದ್ದು ಮನೆಗೆ ಬಂದು ಮಗ್ಗಕ್ಕೆ ಕೂತ.

ಅಂಗಡಿ ಹೋಯಿತು, ಬೀಡಿ ಹೋಗಲಿಲ್ಲ. ಅಪ್ಪ ಬಸ್ ನಿಲ್ದಾಣದ ಕಡೆಯಿಂದ ಕಟ್ಟುಗಟ್ಟಲೆ ತರಿಸಿಕೊಂಡ. ಮೊದಲು ಹಿತ್ತಲಿಗೆ ಹೋಗಿ ಒಬ್ಬನೇ ಸೇದುತ್ತಿದ್ದ. ಅಲ್ಲಿ ಕೂಡಲು ಕಲ್ಲಿರಲಿಲ್ಲ, ಮಾತಾಡುವವರಿರಲಿಲ್ಲ.

ಒಂದು ತಿಂಗಳಾದ ಮೇಲೆ ಕಾಕಾ ನಮ್ಮ ಮನೆಗೆ ಬಂದ. ಬಿಳಿ ಹಾಳೆ ಅವನೇ ತಂದಿದ್ದ.

"ಅಂಗಡಿ ತೆರಿಯಾಕ ಪರವಾನಗಿ ಕೇಳಿ ಬರಿಯವಾ. ಬೀಡಿ ಮಾರೂದಿಲ್ಲ ಅಂತನ ಬರಿ. ಚಾ, ಬಿಸ್ಕೀಟ, ಹುಡುಗರಿಗೆ ಪೆನ್ನು. ನಿಮ್ಮಪ್ಪಗೂ ಬಂದು ಕುಂಡ್ರಾಕ ಒಂದು ಜಾಗಾ ಆತು. ಎಂಥಾ ಪಾಪಿ ಆ ತಕರಾರು ಬರದನೋ ಏನೋ, ಅಕ್ಷರ ಮುತ್ತಿನಂಗಿದ್ದುವಂತ."

ನಾನು ತಲೆ ಎತ್ತದೆ ಬರೆದೆ. ಕಾಕಾ ಹೆಬ್ಬೆಟ್ಟು ಒತ್ತಿ, "ನೀ ಹೆಂಗೂ ಗದಗಿಗೆ ಹೋಗ್ತಿ, ಆಫೀಸಿನ್ಯಾಗ ಕೊಟ್ಟ ಬಾ" ಎಂದ.

ಕೊಡಲಿಲ್ಲ. ಅಂಗಡಿ ತೆರೆದ ವಾರದೊಳಗೆ ಬಿಸ್ಕೀಟಿನ ಡಬ್ಬಿಯ ಹಿಂದೆ ಬೀಡಿ ಬಂದೇ ಬರುತ್ತದೆ ಎಂದು ನಾನೇ ತೀರ್ಮಾನಿಸಿದೆ. ಅರ್ಜಿ ನನ್ನ ಚೀಲದಲ್ಲೇ ಉಳಿಯಿತು. ಎರಡು ತಿಂಗಳು ಕಾದು, ಕಾಕಾ ಲಕ್ಷ್ಮೇಶ್ವರಕ್ಕೆ ಕಾಳಿನ ಅಂಗಡಿಯೊಂದರಲ್ಲಿ ಚೀಲ ಹೊಲಿಯಲು ಹೋದ.

ಒಂದು ಮಧ್ಯಾಹ್ನ ನೇಯ್ದ ಸೀರೆಯ ಮೇಲೆ ಸಾಸಿವೆಯಷ್ಟು ತೂತು ಕಂಡಿತು, ಅಂಚು ಕಪ್ಪಾಗಿತ್ತು. ಅವ್ವ ಅದರ ಮೇಲೆ ಬೆರಳಿಟ್ಟು, "ಮಗ್ಗದ ಮುಂದ ಸೇದೀರೇನು?" ಎಂದಳು.

ಅಪ್ಪ ಆ ತೂತನ್ನೇ ನೋಡಿದ. "ಎಲ್ಲಿಗೆ ಹೋಗ್ಲಿ?" ಎಂದ.

ಅವನು ಆ ಚಳಿಗಾಲ ದಾಟಲಿಲ್ಲ.

ಹಿರಿಯರ ಅಮಾವಾಸ್ಯೆಗೆ ಮಗ್ಗದ ಮುಂದೆ ಎಡೆ ಹಿಡಿದೆವು. ಹೋಳಿಗೆ, ಬದನೆಕಾಯಿ ಪಲ್ಯ, ಹೊಸ ಅಂಗಿ. ತೀರಿದವರಿಗೆ ಏನು ಇಷ್ಟವಿತ್ತೋ ಅದೆಲ್ಲ ಎಡೆಯಲ್ಲಿರಬೇಕು. ಬೀಡಿಯಾದರೆ ಹಚ್ಚಿ, ಒಂದು ದಮ್ಮು ಎಳೆದು, ಉರಿಯುತ್ತಿರುವುದನ್ನೇ ಇಡಬೇಕು. ಅದನ್ನು ಮಗ ಮಾಡುತ್ತಾನೆ. ನಾನು ಒಬ್ಬಳೇ ಮಗಳು. ಆ ಹೊತ್ತಿಗೆ ಲಕ್ಷ್ಮೇಶ್ವರದ ಬಸ್ಸಿನಿಂದ ಇಳಿದು ಬಂದ ಕಾಕಾ ಅಂಗಿಯ ಕಿಸೆಯಿಂದ ಒಂದು ಕಟ್ಟು ತೆಗೆದು ನನ್ನ ಕೈಗೆ ಕೊಟ್ಟ.

"ಇಲ್ಲಿ ಹಚ್ಚಬ್ಯಾಡವಾ. ಅಂವ ಮಗ್ಗದ ಮುಂದ ಎಂದೂ ಹಚ್ಚಿದಂವ ಅಲ್ಲ. ಕಲ್ಲಿನ ಕಡೆ ಹೋಗೂಣು ನಡಿ."

ಅವ್ವ ನನ್ನನ್ನು ನೋಡಿದಳು. ನಾನು ಕಟ್ಟು ಹಿಡಿದು ಕಾಕಾನ ಹಿಂದೆ ನಡೆದೆ.

ಅಂಗಡಿಯಿದ್ದ ಜಾಗದಲ್ಲಿ ಆ ಕಲ್ಲು ಹಾಗೇ ಇತ್ತು. ಎದುರಿನ ಗೋಡೆಯ ಮೇಲೆ ತಂಬಾಕು ಮುಕ್ತ ವಲಯ ಎಂದು ಹಳದಿ ಬಣ್ಣದಲ್ಲಿ ಬರೆದಿದ್ದರು. ಕಾಕಾ ಕಡ್ಡಿ ಗೀರಿ ಗಾಳಿಗೆ ಕೈ ಮರೆ ಮಾಡಿದ. ನಾನು ಎಳೆದೆ. ಗಂಟಲು ಸುಟ್ಟು, ಬಗ್ಗಿ ಕೆಮ್ಮಿದೆ. ಅವನು ನನ್ನ ಬೆನ್ನು ಸವರಿದ.

"ನಿಮ್ಮಪ್ಪನ ಕೆಮ್ಮನ ಐತಿ ನೋಡು." ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ಕೇಳಿದ, "ಅಲ್ಲವಾ, ನನ್ನ ಆ ಅರ್ಜಿಗೆ ಏನರ ಉತ್ತರ ಬಂತೇನು?"

ಬೀಡಿ ನನ್ನ ಬೆರಳ ನಡುವೆ ಉರಿಯುತ್ತಿತ್ತು. ಆರುವ ಮೊದಲು ಅದನ್ನು ಎಡೆಗೆ ಮುಟ್ಟಿಸಬೇಕಿತ್ತು.

"ಇಲ್ಲ ಕಾಕಾ" ಎಂದೆ. ಅದರ ಮೇಲೆ ಕೈ ಮರೆ ಮಾಡಿಕೊಂಡು ಮನೆಯ ಕಡೆ ನಡೆದೆ.