ಹಲ್ಲಿಗೆ ಕೇಳಿದ ಓಲಗ

ನನ್ನಿವಾಳದ ಕೊಲ್ಲಾಪುರಮ್ಮನಿಗೆ ಎಂಟನೆಯ ವಯಸ್ಸಿನಲ್ಲಿ ಎರಡೂ ಕಿವಿ ಸೋರತೊಡಗಿ, ಹತ್ತು ತುಂಬುವುದರೊಳಗೆ ಲೋಕದ ಮಾತೆಲ್ಲ ಮಸುಕಾಗಿತ್ತು. ಹತ್ತಿರ ಬಂದು ಕೂಗಿದರೆ ಕೇಳುತ್ತಿತ್ತು. ಉಳಿದದ್ದನ್ನು ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕುರಿ ಕಾಯುವ ಯತ್ತಪ್ಪನ ಜೊತೆ ಸಂಸಾರ ಮಾಡಿ, ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದ್ದೂ ಹಾಗೆಯೇ. ಐವತ್ತರ ಹೊತ್ತಿಗೆ, ಚಳ್ಳಕೆರೆಯ ಅಂಚಿನಲ್ಲಿ ಹೊಸದಾಗಿ ತೆರೆದ ವಿಜ್ಞಾನ ಕೇಂದ್ರದಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು.

ಅಲ್ಲಿ ಎಲ್ಲಿಯೂ ‘ಮುಟ್ಟಬೇಡಿ’ ಎಂಬ ಬೋರ್ಡಿರಲಿಲ್ಲ. ಮಕ್ಕಳು ಹಾವಿನ ಪೊರೆಯನ್ನು ಬೆರಳಿಂದ ಸವರುತ್ತಿದ್ದರು, ಕುರಿಯ ತಲೆಬುರುಡೆ ಎತ್ತಿ ಹಲ್ಲು ಎಣಿಸುತ್ತಿದ್ದರು. ಒಂದು ಮೂಲೆಯಲ್ಲಿ ಪೆಟ್ಟಿಗೆಯಿಂದ ಹೊರಚಾಚಿದ ಉಕ್ಕಿನ ಸರಳೊಂದಿತ್ತು. ಅದಕ್ಕೆ ಸ್ಟ್ರಾ ತೊಡಿಸಿ, ಹಲ್ಲಿನಲ್ಲಿ ಕಚ್ಚಿ, ಎರಡೂ ಕಿವಿ ಮುಚ್ಚಿಕೊಂಡವರ ಮುಖ ಅರಳುತ್ತಿತ್ತು. ಪ್ರತಿಯೊಬ್ಬರಿಗೂ ಹೊಸ ಸ್ಟ್ರಾ ಕೊಡುವುದು ಕೊಲ್ಲಾಪುರಮ್ಮನ ಕೆಲಸ. ಎರಡು ವರ್ಷ ಕೊಟ್ಟಳು. ಒಳಗೆ ಏನೋ ಹಾಡು ಬರುತ್ತದಂತೆ ಎಂದಷ್ಟೇ ಗೊತ್ತಿತ್ತು. ಹಾಡೆಂಬುದು ಕಿವಿಯಿದ್ದವರ ಪಾಲು ಎಂದುಕೊಂಡು ಸುಮ್ಮನಿದ್ದಳು.

ಒಂದು ರಜೆಯ ದಿನ, ಮಕ್ಕಳಿಗೆ ಎಲ್ಲ ವಿವರಿಸುವ ಹುಡುಗಿ ರೂಪ, ರಿಪೇರಿಯಾಗಿ ಬಂದ ಆ ಪೆಟ್ಟಿಗೆಯನ್ನು ಪರೀಕ್ಷಿಸುತ್ತಿದ್ದಳು.

“ನೀವೂ ಒಂದ್ಸಲ ಕಚ್ಚಿ ನೋಡ್ರಿ ಅಮ್ಮಾ,” ಎಂದು ಕೂಗಿದಳು.

“ನನ್ ಕಿವಿ ಸತ್ತು ಯಾವ ಕಾಲ ಆತು, ತಾಯಿ.”

“ಕಿವಿ ಯಾಕ್ರಿ? ಹಲ್ಲೈತಲ್ಲ!”

ಕೊಲ್ಲಾಪುರಮ್ಮ ನಗುತ್ತಲೇ ಕಚ್ಚಿದಳು. ದವಡೆಯಿಂದ ನೇರ ತಲೆಯೊಳಕ್ಕೆ ಓಲಗ ನುಗ್ಗಿತು. ತನ್ನ ಮದುವೆಯ ಓಲಗವೇ ಅವಳಿಗೆ ಗೋಡೆಯಾಚೆಯ ಗುಂಯ್‌ಗುಡುವಿಕೆಯಂತೆ ಕೇಳಿಸಿತ್ತು. ಇದರಲ್ಲಿ ಊದುವವನು ಉಸಿರು ಎಳೆದುಕೊಳ್ಳುವುದೂ ತಿಳಿಯುತ್ತಿತ್ತು. ರೂಪ ಭುಜ ಹಿಡಿದು ಅಲುಗಿಸಿದಾಗ ಹಲ್ಲಿನ ನಡುವೆ ಸ್ಟ್ರಾ ಸೀಳಿಹೋಗಿತ್ತು.

“ಮೂಳೆಯಿಂದ ಇಷ್ಟು ಚೆನ್ನಾಗಿ ಕೇಳ್ತೈತೆ ಅಂದ್ರೆ ಒಳಗಿವಿ ಗಟ್ಟಿ ಇರಬೇಕು. ಡಾಕ್ಟ್ರಿಗೆ ತೋರ್ಸೋಣ,” ಎಂದು ರೂಪ ಪಟ್ಟು ಹಿಡಿದಳು. ವೈದ್ಯರು ನೋಡಿ, ಕಿವಿಯ ತಮಟೆ ತೂತಾಗಿದೆ, ಮುಚ್ಚಬಹುದು ಎಂದರು. ಹೆದರಿಕೊಂಡೇ ಎಡಗಿವಿಗೆ ಆಪರೇಷನ್ ಮಾಡಿಸಿಕೊಂಡಳು.

ಎರಡು ತಿಂಗಳಾದ ಮೇಲೆ ಸದ್ದುಗಳು ಒಂದೊಂದಾಗಿ ಬಂದವು. ಪೊರಕೆಗೂ ದನಿಯಿದೆ ಎಂದು ಬೆರಗಾದಳು. “ಅವಳಿಗೇನು ಕೇಳ್ತೈತೆ ಬಿಡು” ಎಂದು ಪಕ್ಕದ ಮನೆಯ ಯರ್ರಮ್ಮ ಅಂದದ್ದೂ ಕೇಳಿಸಿ, ದಿನವೆಲ್ಲ ಮನಸ್ಸು ಕಹಿಯಾಯಿತು. ಇಷ್ಟು ವರ್ಷ ಇನ್ನೇನೇನು ಅಂದಿದ್ದಾರೋ!

ಒಂದು ಸಂಜೆ ಯತ್ತಪ್ಪ ದೊಡ್ಡಿಯಲ್ಲಿ ಕುರಿಗಳನ್ನು ಕೂಡಿಹಾಕುತ್ತಿದ್ದ. ಕುಂಟುವ ಮರಿಯೊಂದಕ್ಕೆ “ಬಾರಮ್ಮ, ಮೆಲ್ಲಕೆ ಬಾ,” ಎನ್ನುತ್ತಿದ್ದ. ಗಂಡನಿಗೆ ಇಂಥ ದನಿಯೂ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಳಗೆ ಬಂದವನೇ ವಾಡಿಕೆಯಂತೆ ಕಿರುಚಿದ: “ಊಟಕ್ಕಿಡು!”

“ಕುರಿ ಜೊತೆ ಮಾತಾಡ್ತೀಯಲ್ಲ, ಹಂಗೆ ಮಾತಾಡು,” ಎಂದಳು.

ಯತ್ತಪ್ಪ ತಬ್ಬಿಬ್ಬಾದ. ಮೂವತ್ತು ವರ್ಷದ ರೂಢಿ. ಗಂಟಲು ಸರಿಮಾಡಿಕೊಂಡು, ಹೊಸಬಳನ್ನು ಮಾತಾಡಿಸುವವನ ಹಾಗೆ ನಾಚಿಕೊಂಡು, ಮೆಲ್ಲನೆ ಕೇಳಿದ:

“ನಿಂದಾತಾ ಊಟ?”